ಕತ್ತರಿ ಒಂದು, ಕೇಳುವವರು ನಾಲ್ವರು

ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರಗಳ ಬ್ಯಾನರು ಬೀದಿಬೀದಿಯಲ್ಲೂ ನೇತಾಡುತ್ತವೆ. ‘ಸ್ಪೋಕನ್ ಇಂಗ್ಲಿಷ್ ಮತ್ತು ಕ್ರಾಫ್ಟ್’ ಈಗ ಬಿಡಿಸಲಾಗದ ಜೋಡಿ. ಒಳಹೊಕ್ಕು ನೋಡಿದರೆ ಬಹಳ ಕಡೆ ಒಂದಕ್ಕೊಂದು ಸಂಬಂಧವೇ ಇಲ್ಲ. ಬೆಳಿಗ್ಗೆ ಬೋರ್ಡಿನ ಮೇಲೆ ಟೆನ್ಸು, ಮಧ್ಯಾಹ್ನ ಥರ್ಮಾಕೋಲಿನ ಮನೆ. ಮನೆ ಕಟ್ಟುವಾಗ ಮಾತೆಲ್ಲ ಅಚ್ಚಗನ್ನಡ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಪ್ಪ ಅಮ್ಮ ಫೀಸು ಕಟ್ಟಿದ್ದು ಇಂಗ್ಲಿಷಿಗೆ.

ಕೆಲಸ ಮಾಡಿಸುತ್ತಲೇ ಭಾಷೆ ಕಲಿಸುವ ವಿಚಾರದಲ್ಲಿ ಬೆಂಗಳೂರಿನ ಹೆಸರು ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ನಕ್ಷೆ ನೋಡಿ ದಾರಿ ಹುಡುಕು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕು ಎಂಬಂಥ ಕೆಲಸಗಳು. ಗಮನ ಕೆಲಸದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ ಮಾಡಿ ಮಾತಾಡಿಸುವುದು ಅವರು ಗುರುತಿಸಿದ ಮೂರು ಬಗೆಗಳಲ್ಲಿ ಒಂದು. ಪ್ರಭು ಅವರಿಗೆ ತರ್ಕ ಬೇಡುವ ಕೆಲಸಗಳೇ ಹೆಚ್ಚು ಮೆಚ್ಚಾಗಿದ್ದವು, ಅದು ಬೇರೆ ಮಾತು. ಎಂಟು ವರ್ಷದವರ ಶಿಬಿರಕ್ಕೆ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಆ ಬಗೆಯೇ ಧಾರಾಳವಾಯಿತು.

ಮುಖವಾಡವನ್ನೇ ತೆಗೆದುಕೊಳ್ಳಿ. ಹಳೇ ಲಗ್ನಪತ್ರಿಕೆಗಳ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬಳ ಕೈಯಲ್ಲಿ ಸಿದ್ಧ ಮುಖವಾಡ, ಇನ್ನೊಬ್ಬನ ಕೈಯಲ್ಲಿ ಖಾಲಿ ಕಾಗದ. ಅವಳು ಹೇಳಬೇಕು, ಇವನು ಮಾಡಬೇಕು. ಕೈಸನ್ನೆ ನಡೆಯುವುದಿಲ್ಲ. ‘ಟು ಬಿಗ್ ಐಸ್’ ಅಂದರೆ ಸಾಲದು, ಯಾವ ಬಣ್ಣ, ಎಷ್ಟು ದೊಡ್ಡದು ಎಂದು ಇವನು ಕೇಳಲೇಬೇಕು. ‘ಅಬೌವ್’ ಕೇಳಿ ‘ಬಿಲೋ’ ಅಂದುಕೊಂಡರೆ ಮೀಸೆ ಗಲ್ಲಕ್ಕೆ ಇಳಿಯುತ್ತದೆ. ಎರಡೂ ಮುಖವಾಡ ಪಕ್ಕಪಕ್ಕ ಇಟ್ಟಾಗ ಬಿದ್ದುಬಿದ್ದು ನಗುತ್ತಾರೆ, ಆಮೇಲೆ ಆ ಎರಡು ಶಬ್ದಗಳನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಗಿರಗಿಟ್ಲೆಯಂತೂ ಇನ್ನೂ ನಿಷ್ಠುರ. ಚೌಕದ ಕಾಗದವನ್ನು ನಾಲ್ಕು ಮೂಲೆಯಿಂದ ನಡುವಿನತ್ತ ಕತ್ತರಿಸಬೇಕು, ನಡು ಮುಟ್ಟುವ ಮುನ್ನ ನಿಲ್ಲಬೇಕು. ಮೊದಲ ಸಲ ಟೀಚರು ಮಾಡಿ ತೋರಿಸಲಿ, ಎರಡನೇ ಸಲ ಕೈ ಕಟ್ಟಿಕೊಂಡು ಬಾಯಲ್ಲಷ್ಟೇ ಹೇಳಲಿ. ‘ಸ್ಟಾಪ್’ ಕೇಳಿಸಿಕೊಳ್ಳದವನ ಕೈಯಲ್ಲಿ ನಾಲ್ಕು ತ್ರಿಕೋನ ಉಳಿಯುತ್ತವೆ. ಪಠ್ಯಪುಸ್ತಕದ ಯಾವ ವಾಕ್ಯಕ್ಕೂ ಇಂಥ ಬಿಸಿ ಇಲ್ಲ.

ಸಾಮಾನು ಹಂಚುವಾಗ ಸ್ವಲ್ಪ ಜಿಪುಣತನ ಬೇಕು. ಮಗುವಿಗೊಂದು ಕಿಟ್ ಕೊಟ್ಟರೆ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ಅಂಟಿಸುತ್ತಾರೆ. ನಾಲ್ವರಿಗೆ ಒಂದು ಕತ್ತರಿ, ಒಂದು ಗೋಂದಿನ ಬಾಟಲಿ ಇಡಿ. ‘ಮೇ ಐ ಹ್ಯಾವ್ ದಿ ಗ್ಲೂ’, ‘ವೇಟ್’, ‘ಮೈ ಟರ್ನ್’ ಶುರುವಾಗುತ್ತದೆ. ‘ಗ್ಲೂ ಗಿವ್’ ಅಂದರೂ ಗೋಂದು ಕೈಗೆ ಬರಲಿ, ನಡುವೆ ಬಾಯಿ ಹಾಕಿ ತಿದ್ದಬೇಡಿ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಿಬಿರಗಳೂ ಉಂಟು. ಹೆದರಿದ ಮಗು ಯಾವ ಭಾಷೆಯಲ್ಲೂ ಕತ್ತರಿ ಕೇಳುವುದಿಲ್ಲ.

ಇನ್ನು ಕೊನೆಯ ದಿನದ ಪ್ರದರ್ಶನ. ಮೇಜಿನ ಮೇಲೆ ಹೊಳೆಯುವ ಅರ್ಧಕ್ಕರ್ಧ ಸಾಮಾನು ಹಿಂದಿನ ರಾತ್ರಿ ಟೀಚರುಗಳೇ ಕೂತು ಮುಗಿಸಿದ್ದು ಎಂಬುದು ಗುಟ್ಟೇನಲ್ಲ. ಅದರ ಬದಲು ಬಂದ ಅಪ್ಪ ಅಮ್ಮಂದಿರ ಕೈಗೇ ಕಾಗದ, ಕತ್ತರಿ ಕೊಟ್ಟು, ಮಕ್ಕಳೇ ಇಂಗ್ಲಿಷಿನಲ್ಲಿ ಹೇಳಿ ಮಾಡಿಸಲಿ.