ಸಿದ್ದಿ ಎಂಬ ಶಬ್ದವೂ ಕರ್ನಾಟಕದಲ್ಲಿ ಆಫ್ರಿಕಾಮೂಲದವರ ನಾಯಕತ್ವವೂ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಬೆಟ್ಟದಲ್ಲಿ ಕರಿಸಿದ್ಧೇಶ್ವರಸ್ವಾಮಿಯ ಗುಡಿಯಿದೆ. ಚಿತ್ರದುರ್ಗದ ಸೀಮೆಯಲ್ಲಿ ‘ಸಿದ್ಧ’ ಎಂಬ ಶಬ್ದವು ದೇವರ ಹೆಸರಿನಲ್ಲಿಯೂ ಊರ ಹೆಸರಿನಲ್ಲಿಯೂ ಜನರ ಹೆಸರಿನಲ್ಲಿಯೂ ಹೇರಳವಾಗಿ ಬಳಕೆಯಲ್ಲಿರುವುದರಿಂದ, ಉತ್ತರ ಕನ್ನಡದ ಅಡವಿಗಳಲ್ಲಿ ‘ಸಿದ್ದಿ’ ಎಂಬ ಜನರು ವಾಸವಾಗಿದ್ದಾರೆಂದು ಕೇಳಿದ ಆ ಕಡೆಯವರು ಅವರನ್ನು ಯಾವುದೋ ಸಿದ್ಧಪರಂಪರೆಗೆ ಸೇರಿದವರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಎರಡು ಶಬ್ದಗಳಿಗೂ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಸಂಸ್ಕೃತದ ಸಿಧ್ ಧಾತುವಿನಿಂದ ಹುಟ್ಟಿದ್ದು. ಎರಡನೆಯದು ‘ನನ್ನ ಒಡೆಯ’ ಎಂಬ ಅರ್ಥವುಳ್ಳ ಅರಬ್ಬಿಯ ‘ಸಯ್ಯಿದಿ’ ಎಂಬ ಮಾತಿನ ರೂಪಾಂತರವೆಂಬುದು ವಿದ್ವಾಂಸರಲ್ಲಿ ಪ್ರಚುರವಾಗಿರುವ ಮತ. ಇವರಿಗೇ ಸಲ್ಲುವ ‘ಹಬ್ಶಿ’ ಎಂಬ ಮತ್ತೊಂದು ಹೆಸರು, ಅಬಿಸೀನಿಯಾ ದೇಶಕ್ಕೆ ಅರಬ್ಬರು ಕೊಟ್ಟ ‘ಹಬಶ್’ ಎಂಬ ಹೆಸರಿನಿಂದ ಬಂದುದು.

ಒಡೆಯನೆಂಬ ಅರ್ಥದ ಮಾತು ಆಳಾಗಿ ಮಾರಲ್ಪಟ್ಟವರ ಕುಲನಾಮವಾಗಿ ಉಳಿದಿರುವುದು ವಿಚಿತ್ರವಾದರೂ ಅಕಾರಣವಲ್ಲ. ಈ ನಾಡಿನಲ್ಲಿ ಆಫ್ರಿಕಾಮೂಲದವರು ನಿಜವಾಗಿಯೂ ಒಡೆಯರಾಗಿದ್ದ ಕಾಲವೊಂದಿತ್ತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕರಿಯ ಜನರು ದಾಸ್ಯದಿಂದ ಶಾಸನಸಭೆಗೆ ಏರಿದ ಚರಿತ್ರೆಯನ್ನು ಕನ್ನಡಿಗರು ಪುಸ್ತಕಗಳಿಂದ ಅಲ್ಪಸ್ವಲ್ಪವಾದರೂ ಬಲ್ಲರು. ಅದೇ ಖಂಡದಿಂದ ಬಂದವರು ತಮ್ಮ ನಾಡಿನಲ್ಲಿಯೇ ಒಂದು ರಾಜ್ಯದ ಸೂತ್ರವನ್ನು ಹಿಡಿದುದನ್ನೂ, ಅನಂತರ ಅಡವಿ ಸೇರಿದುದನ್ನೂ, ಈಚೆಗೆ ಮತ್ತೆ ಸಾರ್ವಜನಿಕ ಜೀವನಕ್ಕೆ ಕಾಲಿಟ್ಟುದನ್ನೂ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಈ ಎರಡು ಕಾಲಗಳ ನಾಯಕತ್ವವು ಒಂದೇ ಜಾತಿಯದಲ್ಲವೆಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಬಿಜಾಪುರದ ಆದಿಲಶಾಹಿ ರಾಜ್ಯದಲ್ಲಿ (೧೪೯೦–೧೬೮೬) ಆಸ್ಥಾನದ ಸರದಾರರು ಎರಡು ಪಂಗಡಗಳಾಗಿ ಒಡೆದಿದ್ದರು. ಇರಾನ್ ಮೊದಲಾದ ದೇಶಗಳಿಂದ ಹೊಸದಾಗಿ ಬಂದ ಪರದೇಶೀಯರದು ಒಂದು ಪಂಗಡ. ಇಲ್ಲಿಯೇ ಬೇರೂರಿದ ದಖನಿಗಳದು ಇನ್ನೊಂದು. ಹಬ್ಶಿಗಳು ಸಮುದ್ರದಾಚೆಯಿಂದ ಬಂದವರಾದರೂ ದಖನಿಗಳ ಪಕ್ಷದಲ್ಲಿಯೇ ನಿಂತರು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಪರ್ಷಿಯಾದ ಸರದಾರನಿಗೆ ತಾಯ್ನಾಡೂ ಬಂಧುಬಳಗವೂ ಅಲ್ಲಿಂದ ಬರುವ ಹೊಸ ಅನುಯಾಯಿಗಳೂ ಇದ್ದರು. ಬಾಲ್ಯದಲ್ಲಿಯೇ ಮಾರಲ್ಪಟ್ಟ ಹಬ್ಶಿಗೆ ಕೊಂಡ ಒಡೆಯನ ಮನೆಯೇ ಕುಲ, ಅವನು ನೆಲಸಿದ ನಾಡೇ ನಾಡು. ಒಡೆಯನು ಸತ್ತ ಮೇಲೆ ಬಿಡುಗಡೆ ಹೊಂದಿ, ಕುದುರೆ ಹಿಡಿದು, ತಾನೇ ದಂಡು ಕಟ್ಟಿಕೊಂಡ ಹಬ್ಶಿಗಳು ಅನೇಕರು. ಅಹಮದನಗರದ ರಾಜ್ಯವನ್ನು ಮೊಗಲರ ಕೈಗೆ ಸಿಕ್ಕದಂತೆ ಕಾಲು ಶತಮಾನ ಕಾಪಾಡಿ, ೧೬೨೪ರಲ್ಲಿ ಭಾತವಡಿಯ ಯುದ್ಧದಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದ ಮಲಿಕ್ ಅಂಬರನು ಇಂಥವರಲ್ಲಿ ಅಗ್ರಗಣ್ಯ. ಅವನೂ ಕೆಲವು ಕಾಲ ಬಿಜಾಪುರದ ಸೇವೆಯಲ್ಲಿದ್ದವನೇ.

ಇವರ ಹೆಸರುಗಳು ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾಗಿವೆ. ಅಂಬರ್ ಎಂದರೆ ಸಮುದ್ರದಲ್ಲಿ ದೊರೆಯುವ ಒಂದು ಸುಗಂಧದ್ರವ್ಯ. ಯಾಕೂತ್ ಎಂದರೆ ಮಾಣಿಕ್ಯ. ಜೌಹರ್ ಎಂದರೆ ರತ್ನ. ಸಂದಲ್ ಎಂದರೆ ಚಂದನ. ರೈಹಾನ್ ಎಂದರೆ ಸುವಾಸನೆಯ ಒಂದು ಗಿಡ, ಕಾಮಕಸ್ತೂರಿಯ ಜಾತಿಯದು. ಇವು ತಂದೆತಾಯಿಗಳು ಇಟ್ಟ ಹೆಸರುಗಳಲ್ಲ. ಕೊಂಡವರು ತಾವು ಕೊಂಡ ಇತರ ಸರಕುಗಳ ಹೆಸರುಗಳನ್ನೇ ಈ ಮಕ್ಕಳಿಗೂ ಇಟ್ಟರು. ಸರಕಿನ ಹೆಸರು ಹೊತ್ತವರೇ ಬಿಜಾಪುರದ ಶಾಸನಗಳಲ್ಲಿ ಇಂದಿಗೂ ಉಳಿದಿದ್ದಾರೆ. ಇಬ್ರಾಹಿಂ ರೋಜಾ ಎಂಬ ಸುಂದರವಾದ ಗೋರಿಯ ನಿರ್ಮಾಣಕ್ಕೆ ಮಲಿಕ್ ಸಂದಲನ ಹೆಸರು ಸೇರಿದೆ. ಜಾಮಿ ಮಸೀದಿಯ ಮಿಹ್ರಾಬಿನ ಚಿನ್ನದ ಕೆಲಸವನ್ನು ೧೬೩೬ರಲ್ಲಿ ಮಾಡಿಸಿದವನು ಯಾಕೂತ್. ಹಿರಿಯೂರಿಗೆ ನೆರೆಯ ತಾಲ್ಲೂಕಾದ ಶಿರಾದಲ್ಲಿ, ಬಿಜಾಪುರದ ಪರವಾಗಿ ಸೀಮೆಯನ್ನಾಳಿದ ಮಲಿಕ್ ರಿಹಾನನ ಗೋರಿಯಿದೆ. ಆ ಹೆಸರೂ ಈ ವರ್ಗಕ್ಕೇ ಸೇರಿದ್ದು.

೧೫೮೦ರಲ್ಲಿ ಒಂದನೆಯ ಅಲಿ ಆದಿಲಶಹನು ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನು ಒಂಬತ್ತು ವರ್ಷದ ಬಾಲಕ. ರಾಜ್ಯವು ಒಬ್ಬರಾದ ಮೇಲೊಬ್ಬರ ಕೈಗೆ ಹೋಗಿ ಕೊನೆಗೆ ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್ ಎಂಬ ಮೂವರು ಹಬ್ಶಿ ಸರದಾರರ ವಶವಾಯಿತು. ಅವರಲ್ಲಿ ದಿಲಾವರನು ಇಖ್ಲಾಸನ ಕಣ್ಣು ಕೀಳಿಸಿ, ೧೫೮೨ರಿಂದ ೧೫೯೦ರವರೆಗೆ ತಾನೊಬ್ಬನೇ ರಾಜ್ಯಭಾರ ಮಾಡಿದನು. ಬಾಲರಾಜನು ಪ್ರಾಯಕ್ಕೆ ಬಂದೊಡನೆ ದಿಲಾವರನ ಅಧಿಕಾರವು ಮುರಿದುಬಿತ್ತು. ಓಡಿಹೋಗಿ ಮರಳಿ ಬಂದಾಗ ಅವನ ಕಣ್ಣುಗಳನ್ನೂ ಕೀಳಿಸಲಾಯಿತು. ಮಹಮ್ಮದ್ ಆದಿಲಶಹನ ಕಾಲದಲ್ಲಿ (೧೬೨೭–೧೬೫೬) ಅದೇ ಬಿರುದಿನ ಇನ್ನೊಬ್ಬ ಹಬ್ಶಿ, ಇಖ್ಲಾಸ್ ಖಾನನು, ಸುಲ್ತಾನನ ಬಲಗೈಯಾಗಿದ್ದನು. ಸುಲ್ತಾನನು ಆನೆಯ ಮೇಲೆ ಕುಳಿತು ಅವನನ್ನು ತನ್ನ ಹಿಂದೆ ಕುಳ್ಳಿರಿಸಿಕೊಂಡ ಚಿತ್ರವೊಂದು ಪ್ರಸಿದ್ಧವಾಗಿದೆ. ೧೬೬೦ರಲ್ಲಿ ಪನ್ಹಾಳಗಡದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರನೂ, ರಾಜ್ಯದ ಕೊನೆಗಾಲದಲ್ಲಿ ೧೬೭೮ರಿಂದ ೧೬೮೩ರವರೆಗೆ ಕಾರಭಾರ ನಡೆಸಿ ಬೇಸತ್ತು ಆದವಾನಿಗೆ ಹಿಂದಿರುಗಿದ ಅವನ ಅಳಿಯ ಸಿದ್ದಿ ಮಸೂದನೂ ಈ ಸಾಲಿನ ಕೊನೆಯ ದೊಡ್ಡ ಹೆಸರುಗಳು. ೧೬೮೬ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು.

ನೂರು ವರ್ಷಗಳ ಈ ಪ್ರಾಬಲ್ಯದಿಂದ ಉಳಿದುದೇನು? ಗೋರಿಗಳು, ಮಸೀದಿಗಳು, ಚಿತ್ರಗಳು, ಫಿರಿಸ್ತಾ ಮೊದಲಾದವರ ಬಖರುಗಳಲ್ಲಿ ಹೆಸರುಗಳು ಮಾತ್ರ. ಈ ಸರದಾರರ ಬಲವು ಸುಲ್ತಾನನ ಮರ್ಜಿಯಿಂದಲೂ ತಮ್ಮ ದಂಡಿನಿಂದಲೂ ಬಂದುದು. ಅವರ ಹಿಂದೆ ಅವರನ್ನು ತಮ್ಮವರೆಂದು ಕಳುಹಿಸಿದ ಜನವೊಂದಿರಲಿಲ್ಲ. ಆದುದರಿಂದ ಅರಮನೆಯೊಡನೆ ಅಧಿಕಾರವೂ ಬಿದ್ದಿತು. ಅವರು ಶೂರರೂ ರಾಜ್ಯತಂತ್ರನಿಪುಣರೂ ಆಗಿದ್ದರೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾರಾಟಕ್ಕೆ ಬಂದ ಮತ್ತೊಬ್ಬ ಹಬ್ಶಿ ಬಾಲಕನ ಪಾಡು ಅವರ ಅಧಿಕಾರದಿಂದ ಬದಲಾಗಲಿಲ್ಲ. ಅವರಲ್ಲಿ ಕೆಲವರು ತಾವೇ ಆಳುಗಳನ್ನು ಕೊಳ್ಳುವವರಾದರು.

ಈಗಿನ ಸಿದ್ದಿಗಳಲ್ಲಿ ಬಹುಭಾಗವು ಈ ಸರದಾರರ ಸಂತತಿಯಲ್ಲ. ಪೋರ್ತುಗೀಜರು ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕಾದ ತೀರಗಳಿಂದ ಗೋವೆಗೆ ತಂದು ಮಾರಿದ ಆಳುಗಳಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟವನ್ನು ಹತ್ತಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಸೀಮೆಗಳ ಅಡವಿಗಳಲ್ಲಿ ನೆಲಸಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನ ಕಾಡುಗಳಿಗೂ ಕೆಲವರು ಹರಡಿದರು. ಬ್ರಿಟಿಷ್ ಇಂಡಿಯಾದಲ್ಲಿ ೧೮೪೩ರ ಕಾಯಿದೆಯು ದಾಸ್ಯವನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ವಿಧಿಸಿತು. ಅದು ಸಿದ್ದಿಗೆ ಒಡೆಯನಿಂದ ಬಿಡುಗಡೆ ಕೊಟ್ಟಿತೇ ಹೊರತು ಭೂಮಿಯನ್ನು ಕೊಡಲಿಲ್ಲ. ಅಡಕೆ ತೋಟದವರಲ್ಲಿ ಕೂಲಿಮಾಡಿ, ಕಾಡಿನ ಹುಟ್ಟುವಳಿಯನ್ನು ಕೂಡಿಸಿ ಜೀವಿಸಿದರು. ಅಡವಿಯು ಸರ್ಕಾರದ್ದಾದ ಮೇಲೆ ಅದಕ್ಕೂ ತಡೆ ಬಂದಿತು.

ಅಮೆರಿಕಾದ ಚರಿತ್ರೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿ ೧೮೬೫ರಲ್ಲಿ ದಾಸ್ಯವು ನಿಂತು, ೧೮೭೦ರಲ್ಲಿ ಬಣ್ಣದ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂಬ ತಿದ್ದುಪಡಿ ಜಾರಿಗೆ ಬಂದಿತು. ಅದೇ ವರ್ಷ ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್ಟಿಗೂ, ದಕ್ಷಿಣ ಕರೋಲಿನಾದಿಂದ ಜೋಸೆಫ್ ರೇನಿ ಕೆಳಮನೆಗೂ ಬಂದರು. ಆದರೆ ೧೮೭೭ರ ಅನಂತರ ದಕ್ಷಿಣದ ಸಂಸ್ಥಾನಗಳು ಮತತೆರಿಗೆ, ಅಕ್ಷರಪರೀಕ್ಷೆ, ಬೆದರಿಕೆ ಮುಂತಾದ ಉಪಾಯಗಳಿಂದ ಮತವನ್ನು ಕಸಿದುಕೊಂಡವು. ಮತದ ಹಿಂದೆಯೇ ಸ್ಥಾನವೂ ಹೋಯಿತು. ೧೯೦೧ರಲ್ಲಿ ಜಾರ್ಜ್ ವೈಟ್ ಕೆಳಮನೆಯನ್ನು ಬಿಟ್ಟ ಮೇಲೆ ೧೯೨೯ರವರೆಗೆ ಅಲ್ಲಿ ಕರಿಯ ಸದಸ್ಯರೊಬ್ಬರೂ ಇರಲಿಲ್ಲ. ಸೆನೆಟ್ಟಿನಲ್ಲಿ ೧೮೮೧ರಿಂದ ೧೯೬೭ರವರೆಗೆ ಇರಲಿಲ್ಲ. ಆ ಬರಗಾಲದಲ್ಲಿ ಜನರನ್ನು ಕೂಡಿಸಿಟ್ಟವು ಅವರ ಚರ್ಚುಗಳು, ಕಾಲೇಜುಗಳು, ೧೯೦೯ರಲ್ಲಿ ಹುಟ್ಟಿದ ಹಕ್ಕುಗಳ ಸಂಘ ಮುಂತಾದುವು. ೧೯೬೫ರ ಮತಾಧಿಕಾರದ ಕಾಯಿದೆಗೆ ಆ ಸಂಘಟನೆಯೇ ತಳಹದಿ. ಅದಿಲ್ಲದೆ ೨೦೦೮ರಲ್ಲಿ ಬರಾಕ್ ಒಬಾಮರು ಅಧ್ಯಕ್ಷರಾಗಿ ಆರಿಸಿಬರುವ ಪ್ರಸಂಗವೇ ಇರುತ್ತಿರಲಿಲ್ಲ. ಸಂಘವಿಲ್ಲದ ಸ್ಥಾನ ಅಲ್ಲಿಯೂ ನಿಲ್ಲಲಿಲ್ಲ.

ಮೈಸೂರು ಸಂಸ್ಥಾನದ ಜನಸಮುದಾಯಗಳಿಗೆ ಈ ಅಭ್ಯಾಸವು ಬೇಗ ಬಂದಿತು. ೧೮೮೧ರಲ್ಲಿ ಪ್ರಜಾಪ್ರತಿನಿಧಿ ಸಭೆ, ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿ, ೧೯೧೮ರಲ್ಲಿ ಮಿಲ್ಲರ್ ಸಮಿತಿ—ಹೀಗೆ ಅರ್ಜಿ ಬರೆಯುವುದು, ನಿಯೋಗ ಹೋಗುವುದು, ಹುದ್ದೆಗಳಲ್ಲಿ ಪಾಲು ಕೇಳುವುದು ಅವರಿಗೆ ರೂಢಿಯಾಯಿತು. ಉತ್ತರ ಕನ್ನಡವು ಆಗ ಮುಂಬಯಿ ಆಧಿಪತ್ಯದಲ್ಲಿತ್ತು. ಸಿದ್ದಿಗಳೋ ಚದುರಿದ ಹಾಡಿಗಳಲ್ಲಿ, ಮೂರು ಮತಗಳಲ್ಲಿ ಹಂಚಿಹೋದವರು: ಯಲ್ಲಾಪುರ, ಅಂಕೋಲಾ ಕಡೆ ಹಿಂದೂಗಳು, ಹಳಿಯಾಳದ ಕಡೆ ಕ್ರೈಸ್ತರೂ ಮುಸಲ್ಮಾನರೂ ಹೆಚ್ಚು. ಒಂದು ಹಾಡಿಯವರ ಮನೆಮಾತು ಕೊಂಕಣಿಯ ಬಗೆಯದಾದರೆ ಇನ್ನೊಂದರಲ್ಲಿ ಉರ್ದು; ಹೊರಗಿನ ವ್ಯವಹಾರಕ್ಕೆ ಕನ್ನಡ. ಇಂಥವರನ್ನು ಒಂದು ಜನವೆಂದು ತೋರಿಸುವ ಗುರುತು ಹೊರಗಿನವರ ಕಣ್ಣಿಗೆ ಮೈಬಣ್ಣವೊಂದೇ ಆಗಿತ್ತು.

ತಮ್ಮನ್ನು ತಾವೇ ಒಂದು ಜನವೆಂದು ಹೇಳಿಕೊಳ್ಳುವ ಕೆಲಸ ನಡೆದುದು ೧೯೮೦ರ ದಶಕದಲ್ಲಿ. ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘವು ಮೂರು ಮತದವರನ್ನೂ ಒಟ್ಟುಗೂಡಿಸಿ, ಭೂಮಿ, ಶಾಲೆ, ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸ್ಥಾನ ಇವುಗಳಿಗಾಗಿ ಅರ್ಜಿಗಳನ್ನು ಸಲ್ಲಿಸಲಾರಂಭಿಸಿತು. ಅದೇ ದಶಕದಲ್ಲಿ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಮಂಚೀಕೇರಿಯ ಸಿದ್ದಿಗಳು ಚಿನುವ ಅಚಿಬೆಯ ಕಾದಂಬರಿಯೊಂದರ ನಾಟಕರೂಪವನ್ನು ಕನ್ನಡದಲ್ಲಿ ಆಡಿದರು. ಆಫ್ರಿಕಾದ ಕಥೆಯನ್ನು ಆಫ್ರಿಕಾಮೂಲದವರೇ ಕನ್ನಡದಲ್ಲಿ ನುಡಿದ ಈ ಪ್ರಯೋಗವು ಸಾಹಿತ್ಯದ ಅಧ್ಯಾಪಕರಿಂದ ಇನ್ನೂ ಹೆಚ್ಚಿನ ವಿಚಾರಣೆಯನ್ನು ಅಪೇಕ್ಷಿಸುತ್ತದೆ. ೧೯೮೭ರಲ್ಲಿ ಕೇಂದ್ರ ಸರ್ಕಾರದ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟ ಮುಂತಾದ ಆಟಗಳಿಗೆ ಸಿದ್ಧಗೊಳಿಸುವ ಯೋಜನೆಯೊಂದನ್ನು ತೆಗೆದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಅದು ಮೇಲಿನವರು ಕೊಟ್ಟುದು, ಮೇಲಿನವರೇ ತೆಗೆದುಕೊಂಡರು.

ಸಂಘವು ಕೇಳಿ ಪಡೆದುದು ಬೇರೆ ಬಗೆಯದು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಿಂದೂ, ಸಿಖ್, ಬೌದ್ಧ ಮತದವರಿಗೆ ಮಾತ್ರ ಅವಕಾಶವುಂಟು. ಪಂಗಡಗಳ ಪಟ್ಟಿಗೆ ಮತದ ಕಟ್ಟುಪಾಡಿಲ್ಲ. ಆದುದರಿಂದಲೇ ಹಳಿಯಾಳದ ಕ್ರೈಸ್ತ ಸಿದ್ದಿಯೂ ಮುಸಲ್ಮಾನ ಸಿದ್ದಿಯೂ ಯಲ್ಲಾಪುರದ ಹಿಂದೂ ಸಿದ್ದಿಯೂ ಒಂದೇ ಹೆಸರಿನಡಿ ನಿಲ್ಲುವುದು ಸಾಧ್ಯವಾಯಿತು. ಮತದ ಗೋಡೆ ಇಲ್ಲದಿದ್ದರೂ ಜಿಲ್ಲೆಯ ಗೋಡೆಯೊಂದಿತ್ತು. ಹಳಿಯಾಳದ ಸಿದ್ದಿಗೆ ಸಲ್ಲುವ ಹಕ್ಕು, ಗಡಿಯಾಚೆ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿರುವ ಅವನ ನೆಂಟನಿಗೆ ಸಲ್ಲಲಿಲ್ಲ. ೨೦೨೦ರ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪಟ್ಟಿಗೆ ಸೇರಿದರು. ಪರಿವಾರ, ತಳವಾರ ಎಂಬವು ನಾಯಕ ಸಮುದಾಯದ ಪರ್ಯಾಯನಾಮಗಳೆಂದು ಒಪ್ಪಿದುದೂ ಅದೇ ತಿದ್ದುಪಡಿಯೇ; ದುರ್ಗದ ಪಾಳೆಯಗಾರರ ಕುಲದವರೂ ಬಿಜಾಪುರದ ಕಾರಭಾರಿಗಳ ಬಣ್ಣದವರೂ ಹೀಗೆ ಒಂದೇ ಶಾಸನದ ಸಾಲುಗಳಲ್ಲಿ ಸೇರಿದರು.

ಅದೇ ೨೦೨೦ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ಆರು ವರ್ಷಗಳ ಅವಧಿಗೆ ವಿಧಾನಪರಿಷತ್ತಿನ ಸದಸ್ಯರಾಗಿ ನೇಮಕಗೊಂಡರು. ಕರ್ನಾಟಕದ ಶಾಸನಸಭೆಗಳಲ್ಲಿ ಸಿದ್ದಿಯೊಬ್ಬರು ಕುಳಿತುದು ಅದೇ ಮೊದಲು. ವನವಾಸಿ ಕಲ್ಯಾಣದ ಕಾರ್ಯದಲ್ಲಿ ಬಹುಕಾಲ ದುಡಿದಿದ್ದವರು ಅವರು. ರಾಜ್ಯಪಾಲರ ನಾಮಕರಣದಿಂದ ಬಂದ ಸ್ಥಾನವಾದುದರಿಂದ ಇದೂ ಮೇಲಿನಿಂದ ಬಂದುದೇ ಅಲ್ಲವೇ ಎಂದು ಆಕ್ಷೇಪಿಸಬಹುದು. ರೆವೆಲ್ಸರನ್ನೂ ಜನರು ನೇರವಾಗಿ ಆರಿಸಲಿಲ್ಲ, ಸಂಸ್ಥಾನದ ಶಾಸನಸಭೆಯು ಆರಿಸಿತು. ಆದರೂ ಆ ಸಭೆಯವರನ್ನು ಆರಿಸಿದ್ದವರಲ್ಲಿ ಕರಿಯ ಮತದಾರರಿದ್ದರು. ಇಲ್ಲಿ ಆ ಕೊಂಡಿಯೂ ಇಲ್ಲ. ಹಾಗೆಂದು ದಿಲಾವರ್ ಖಾನನ ಪದವಿಯೊಡನೆ ಇದನ್ನು ಸಮೀಕರಿಸುವುದು ಯುಕ್ತವಾಗಲಾರದು. ಪಟ್ಟಿಯಲ್ಲಿ ಹೆಸರು, ಪಂಚಾಯತಿಯ ಮೀಸಲು ಸ್ಥಾನಗಳಿಗೆ ನಿಲ್ಲುವ ಹಕ್ಕು, ಶಾಲೆಗೆ ಹೋದ ಮಕ್ಕಳು, ೨೦೦೬ರ ಅರಣ್ಯಹಕ್ಕು ಕಾಯಿದೆಯನ್ವಯ ಭೂಮಿಗೆ ಅರ್ಜಿ ಹಾಕುವ ಅವಕಾಶ, ಇವು ಒಬ್ಬ ಸದಸ್ಯನ ಅವಧಿ ಮುಗಿದ ಮಾತ್ರಕ್ಕೆ ಹೋಗತಕ್ಕವಲ್ಲ.

ಜನರಿಂದ ಆರಿಸಿಬರುವ ದಾರಿಯಾದರೋ ಕಿರಿದಾಗಿದೆ. ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ಪರಿಶಿಷ್ಟ ಪಂಗಡಗಳಿಗೆ ೧೫ ಮೀಸಲು. ೨೦೦೮ರಿಂದ ಜಾರಿಯಲ್ಲಿರುವ ಕ್ಷೇತ್ರವಿಂಗಡಣೆಯಲ್ಲಿ ಅವು ನಾಯಕ ಮೊದಲಾದ ದೊಡ್ಡ ಸಮುದಾಯಗಳು ಹೆಚ್ಚಾಗಿರುವ ಕಡೆಗಳಲ್ಲಿ ಬಿದ್ದಿವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎಂಬೆರಡು ಅಂಥ ಕ್ಷೇತ್ರಗಳಿವೆ. ರಾಮಗಿರಿಯಿರುವ ಹೊಳಲ್ಕೆರೆಯು ಪರಿಶಿಷ್ಟ ಜಾತಿಗೆ ಮೀಸಲು. ಉತ್ತರ ಕನ್ನಡದ ಆರು ಕ್ಷೇತ್ರಗಳಲ್ಲಿ ಒಂದೂ ಮೀಸಲಲ್ಲ. ಆರರಲ್ಲಿ ಯಾವುದರಲ್ಲಿಯೂ ಸಿದ್ದಿಗಳ ಸಂಖ್ಯೆಯು ತನ್ನ ಬಲದಿಂದಲೇ ಒಬ್ಬನನ್ನು ಗೆಲ್ಲಿಸುವಷ್ಟಿಲ್ಲ. ಅನ್ಯರ ಮತವನ್ನು ಪಡೆಯಬಲ್ಲ ಸಿದ್ದಿ ಅಭ್ಯರ್ಥಿಯೊಬ್ಬನನ್ನು ಯಾವುದಾದರೊಂದು ಪಕ್ಷವು ಸಾಮಾನ್ಯ ಕ್ಷೇತ್ರದಲ್ಲಿಯೇ ನಿಲ್ಲಿಸಬೇಕಾಗುತ್ತದೆ. ೨೦೨೩ರ ಚುನಾವಣೆಯವರೆಗೆ ವಿಧಾನಸಭೆಗೆ ಆರಿಸಿಬಂದ ಸಿದ್ದಿಯೊಬ್ಬನೂ ಇಲ್ಲ.