ಮಾತಿನ ಸಾಧನ: ಮೊದಲು ಸರ್ಕಾರಕ್ಕೆ ಅರ್ಜಿ, ನಂತರ ಟ್ರಸ್ಟ್‌ಗೆ

ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂನಿಂದಾಗಿ ಬಾಯಿಮಾತು ಬಾರದ ಮಕ್ಕಳಿಗೆ 'ಮಾತಾಡುವ ಟ್ಯಾಬ್' ಕೊಡಿಸಿ ಎಂದು ಪೋಷಕರು ಕೇಳುತ್ತಾರೆ. ಚಿತ್ರ ಮುಟ್ಟಿದರೆ ಆ ಪದವನ್ನು ಗಟ್ಟಿಯಾಗಿ ಹೇಳುವ ಸಾಧನವದು. ದಾನಿಗಳೂ ಸಂತೋಷದಿಂದ ಮುಂದೆ ಬರುತ್ತಾರೆ. ಆದರೂ ನಾವು ಕೂಡಲೇ ಕೊಡಿಸುವುದಿಲ್ಲ.

ಕಾರಣ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಒಂದು ಷರತ್ತು. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದು, ಪೋಷಕರ ತಿಂಗಳ ಆದಾಯ 22,500 ರೂ. ಒಳಗಿದ್ದರೆ ಈ ಯೋಜನೆಯಲ್ಲಿ ಸಾಧನಕ್ಕೆ ಪೂರ್ಣ ನೆರವು, 30,000 ರೂ.ವರೆಗೆ ಅರ್ಧ. ಆದರೆ ಅದೇ ಉದ್ದೇಶಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಯಾವ ಮೂಲದಿಂದಲೂ ನೆರವು ಪಡೆದಿರಬಾರದು. 12 ವರ್ಷದೊಳಗಿನವರಿಗೆ ಈ ಅವಧಿ ಒಂದು ವರ್ಷ. 'ಯಾವ ಮೂಲ' ಎಂದಾಗ ನಮ್ಮಂಥ ಟ್ರಸ್ಟ್‌ಗಳೂ ಬಂದವು. ವೇದಿಕೆಯಲ್ಲಿ ಕೊಟ್ಟ ಒಂದು ಟ್ಯಾಬ್, ಮಗುವಿನ ಸರ್ಕಾರಿ ಹಕ್ಕಿಗೆ ಅಡ್ಡಿಯಾಗಬಾರದು.

ಯೋಜನೆಯಲ್ಲೂ ಕೊರತೆಯಿದೆ. ಶ್ರವಣ ಯಂತ್ರಕ್ಕೆ ದಾರಿ ಸಲೀಸು. ಕಾಕ್ಲಿಯರ್ ಇಂಪ್ಲಾಂಟ್‌ಗೆ ಲಕ್ಷಗಟ್ಟಲೆ ನೆರವಿದೆ. ಕಿವಿ ಕೇಳಿಸಿಯೂ ಮಾತು ಬಾರದ ಮಗುವಿನ ಸಾಧನಕ್ಕೆ ಅಷ್ಟು ಸ್ಪಷ್ಟ ದಾರಿಯಿಲ್ಲ. ಕಣ್ಣೋಟದಿಂದ ನಡೆಯುವ ಸಾಧನವಂತೂ ಬಹಳ ದುಬಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾತ್ರ ಇಂಥ ಪರ್ಯಾಯ ವಿಧಾನಗಳನ್ನೂ 'ಸಂವಹನ' ಎಂದೇ ಒಪ್ಪಿದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ; ಉಳಿದ ಹಣದ ಬಗ್ಗೆ ಟ್ರಸ್ಟ್ ಯೋಚಿಸಲು ಆ ಕಾಗದ ಬೇಕು.

ಯುಡಿಐಡಿ ಕಾರ್ಡ್ ಇಲ್ಲದವರು ಮೊದಲು ಅದನ್ನು ಮಾಡಿಸಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಯಾವ ಸಾಧನ ಸೂಕ್ತವೆಂಬುದನ್ನು ವಾಕ್ ತಜ್ಞರೇ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಹೆಸರಾದದ್ದು.

ಅಲ್ಲಿಯವರೆಗೆ ಮಗು ಸುಮ್ಮನಿರಬೇಕಿಲ್ಲ. ರಟ್ಟಿನ ಮೇಲೆ ನೀರು, ಊಟ, ನೋವು, 'ಬೇಡ' ಎಂಬ ಚಿತ್ರಗಳನ್ನು ಅಂಟಿಸಿದರೆ ಅದೇ ಮೊದಲ ಸಾಧನ. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ಆ್ಯಪ್ ಉಚಿತ. 'ಬೇಡ' ಎಂಬುದನ್ನು ದಯವಿಟ್ಟು ಬಿಡಬೇಡಿ. ದೊಡ್ಡವರು ಮರೆಯುವುದು ಅದನ್ನೇ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ ಇದ್ದರೆ ಎರಡೂ ಕಡೆಯ ಪದಗಳಿರಲಿ.

ದಾನಿಗಳಲ್ಲಿ ವಿನಂತಿ: ಸಾಧನಕ್ಕಿಂತ ಮೊದಲು ತರಬೇತಿಗೆ, ತಜ್ಞರ ಬಳಿ ಹೋಗಿಬರುವ ಬಸ್ ಖರ್ಚಿಗೆ, ತಾಯಿ ಕಳೆದುಕೊಳ್ಳುವ ದಿನಗೂಲಿಗೆ ಕೊಡಿ. ಕಲಿಸುವವರಿಲ್ಲದೆ ಟ್ಯಾಬ್ ಕಪಾಟು ಸೇರುತ್ತದೆ. ಕುಟುಂಬಗಳು ಅಡಿಪ್ ಅರ್ಜಿಯ ಸ್ವೀಕೃತಿ, ಯುಡಿಐಡಿ ಮತ್ತು ಆದಾಯ ಪ್ರಮಾಣಪತ್ರದ ಪ್ರತಿಗಳನ್ನು ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸಬೇಕು.