ಮೆಂತ್ಯೆ ಸಿವುಡು ಎಲ್ಲಿ ತೊಳೀತೀರಿ?

ಹುಬ್ಬಳ್ಳಿಯ ದೇಶಪಾಂಡೆ ನಗರದಾಗ ತಳ್ಳುಗಾಡಿಯಿಂದ ಕೊಂಡ ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲ ಎಷ್ಟೋ ಮನೆಯೊಳಗ ಒಲೆ ಮ್ಯಾಲೆ ಹೋಗೋದೇ ಇಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆ ಹಸಿಯಾಗೇ ತಾಟಿಗೆ ಬರತಾವ. ಬೇಯಿಸಿದರೆ ಸಾಯೋ ರೋಗಾಣು ಹಸಿ ಪಲ್ಲೆಯೊಳಗ ಜೀವಂತ ಹೊಟ್ಟೆಗೆ ಹೋಗ್ತದ. ಅದಕ್ಕೇ ಈ ಮಾತು ಅಡುಗೆಮನೆಗಿಂತ ಮೊದಲು ಹೊಲಕ್ಕೆ ಸಂಬಂಧಿಸಿದ್ದು.

ಹುಬ್ಬಳ್ಳಿ-ಧಾರವಾಡದ ಗಟಾರ ನೀರಿನ ಕೃಷಿ ಬಗ್ಗೆ ಬ್ರಾಡ್‌ಫರ್ಡ್, ಬ್ರೂಕ್ ಹಾಗೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹುಣಶಾಳ ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನಾಲೆಯ ನೀರು ವರ್ಷಪೂರ್ತಿ ಸಿಗ್ತದ, ಅದರಾಗ ಗೊಬ್ಬರದ ಅಂಶನೂ ಇರ್ತದ. ಬೋರ್ ಕೊರೆಸೋ ಖರ್ಚು ನೋಡಿದರೆ ರೈತ ಆ ಕಡೆ ಹೋಗಿದ್ದು ಸಹಜ; ಅವನನ್ನ ಬೈದು ಪ್ರಯೋಜನ ಇಲ್ಲ. ಆದರೆ ಮಲದೊಳಗಿನ ಇ. ಕೋಲಿ, ಸಾಲ್ಮೊನೆಲ್ಲಾ, ಜಂತುಹುಳದ ತತ್ತಿ ಕೂಡ ಅದೇ ನೀರಿನಾಗ ಬರತಾವ. ಬರಿಗಾಲಲ್ಲಿ ನೀರು ಹಾಯಿಸೋರಿಗೆ ಕೊಕ್ಕೆಹುಳ ಮೊದಲು ಅಂಟತದ.

ಬೆಚ್ಚಗಿನ ವಾತಾವರಣ, ಆಹಾರ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗ್ತದ. ಒಂದರಿಂದ ಶುರುವಾದ್ರೆ 4 ತಾಸಿಗೆ 4,096. ಹೆಚ್ಚಿ ಇಟ್ಟ ಪಲ್ಲೆಯನ್ನ ಸಂಜೀತನಕ ಹೊರಗಿಡೋದು ಅದಕ್ಕೇ ಅಪಾಯ.

2011ರಲ್ಲಿ ಜರ್ಮನಿಯೊಳಗ ಇಂಥದ್ದೇ ಇ. ಕೋಲಿಯಿಂದ ಸುಮಾರು 4,000 ಮಂದಿ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಅನುಮಾನ ಬಿತ್ತು. ತಪ್ಪಿಲ್ಲದ ರೈತರ ಮಾಲು ಮಾರಾಟವಾಗದೆ ಹಾಳಾಯಿತು. ಕೊನೆಗೆ ತನಿಖೆ ಬಂದು ನಿಂತದ್ದು ಮೊಳಕೆ ಬರಿಸಿದ ಮೆಂತ್ಯೆ ಕಾಳಿನ ಮೇಲೆ. ಹೌದು, ನಮ್ಮ ಮೆಂತ್ಯೆನೇ.

ಈಗ ನಿಮ್ಮ ಹೊಲದ ಮಾತು. ನಾಲೆ ನೀರು ಬಿಟ್ಟರೆ ಗತಿ ಇಲ್ಲ ಅಂದ್ರೆ ಅದನ್ನ ಹೊಂಡದಾಗ ನಿಲ್ಲಿಸಿ, ತಳದ ರಾಡಿ ಕದಡದಂಗ ಮೇಲಿನ ನೀರಷ್ಟೇ ಎತ್ತರಿ. ಸ್ಪ್ರಿಂಕ್ಲರ್ ಬ್ಯಾಡ, ಎಲಿಗೆ ತಾಗದಂಗ ಸಾಲಿನಾಗ ಹಾಯಿಸಿ. ಕೊಯ್ಲಿಗೆ ಮುಂಚಿನ ಕೆಲವು ದಿನ ಆ ನೀರು ನಿಲ್ಲಿಸಿದರೆ ಬಿಸಿಲಿಗೆ ಎಲಿ ಮ್ಯಾಲಿನ ರೋಗಾಣು ಬಹಳಷ್ಟು ಸಾಯ್ತಾವ. ಸೊಪ್ಪು ಬಾಡಿ ತೂಕ ಹೋಗ್ತದ ಅಂತ ಅನ್ನಬಹುದು, ಖರೇನೇ. ಹಂಗಾದ್ರೆ ಆ ದಿನಗಳ ಮಟ್ಟಿಗೆ ಬೋರಿನ ನೀರು ಕೊಡ್ರಿ. ಹಸಿ ಸಗಣಿ ಹಾಕಬ್ಯಾಡ್ರಿ, ಪೂರ್ತಿ ಕಳಿತ ತಿಪ್ಪಿಗೊಬ್ಬರವೇ ಇರಲಿ.

ಇಷ್ಟೆಲ್ಲ ಮಾಡಿ, ಮಣ್ಣು ಹೋಗಲಿ ಅಂತ ಸಿವುಡನ್ನ ಅದೇ ನಾಲೆಯೊಳಗ ಅದ್ದಿ ಸಂತಿಗೆ ಒಯ್ದರೆ ಮಾಡಿದ್ದೆಲ್ಲ ನೀರುಪಾಲು. ಕೊಯ್ದ ಮ್ಯಾಲೆ ತೊಳೆಯೋಕೆ, ಗಾಡಿ ಮ್ಯಾಲೆ ಚಿಮುಕಿಸೋಕೆ ಎರಡು ಕೊಡ ಕುಡಿಯೋ ನೀರು ಬ್ಯಾರೆ ತೆಗೆದಿಡ್ರಿ.